ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ: ಸಣ್ಣ ಡೀಸೆಲ್ ಟ್ರ್ಯಾಕ್ಟರ್, ಹುಲ್ಲು ಕತ್ತರಿಸುವ ಮೋವರ್‌ಗಳಲ್ಲಿ ಫ್ಯುಯಲ್ ಕಟ್‌ಆಫ್ ದೋಷ ಹುಡುಕುವ ಬಗೆ

ಬೆಳಿಗ್ಗೆ ಏಳಕ್ಕೇ ಫೋನು. "ಅಣ್ಣಾ, ನಿನ್ನೆ ಸಂಜೆ ತನಕ ಚೆನ್ನಾಗೇ ಓಡಿದೆ. ಈಗ ಸೆಲ್ಫ್ ಹೊಡೀತದೆ, ಗಾಡಿ ಸ್ಟಾರ್ಟ್ ಆಗ್ತಿಲ್ಲ. ಬೋರ್ಡೋ ಔಷಧಿ ಹೊಡೆಯೋರು ನಾಲ್ಕು ಜನ ಬಂದು ಕೂತಿದ್ದಾರೆ." ಅಡಿಕೆ ತೋಟದವರಿಗೆ ಇದು ಎಂಥ ಸಂಕಟ ಅಂತ ಗೊತ್ತಿದ್ದವರಿಗೇ ಗೊತ್ತು. ಮಳೆ ಬಿಡುವು ಕೊಟ್ಟ ಎರಡು ದಿನದಲ್ಲಿ ಔಷಧಿ ಬೀಳದಿದ್ದರೆ ಕೊಳೆರೋಗ ಕಾಯುತ್ತಾ ಕೂರುವುದಿಲ್ಲ. ಮಿನಿ ಟ್ರ್ಯಾಕ್ಟರ್ ನಿಂತರೆ ಸ್ಪ್ರೇ ಪಂಪೂ ನಿಂತಿತು.

ಇಂಥ ಫೋನ್ ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: "ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಹೊಗೆ ಬರ್ತಿದೆಯಾ ನೋಡಿ." ಬೂದು ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರಿನ ತನಕ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಆಗ ನೋಡಬೇಕಾದ್ದು ಗ್ಲೋ ಪ್ಲಗ್, ಕಂಪ್ರೆಷನ್, ಸೋತ ಬ್ಯಾಟರಿ. ಈ ಬರಹ ಅದಕ್ಕಲ್ಲ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದರೂ ಸೈಲೆನ್ಸರ್ ತಣ್ಣಗೆ, ಒಂದು ಎಳೆ ಹೊಗೆಯೂ ಇಲ್ಲ ಎಂದರೆ ಡೀಸೆಲ್ ಒಳಗೆ ಹೋಗುತ್ತಲೇ ಇಲ್ಲ. ಟ್ಯಾಂಕ್ ಖಾಲಿ, ಕಾಕ್ ಬಂದ್, ಫಿಲ್ಟರ್ ಕಟ್ಟಿದೆ, ಏರ್ ಹಿಡಿದಿದೆ ಅಥವಾ ಕಟ್‌ಆಫ್ ಸೊಲೆನಾಯ್ಡ್ (ಕರೆಂಟಿನಿಂದ ಡೀಸೆಲ್ ದಾರಿ ತೆರೆದು ಮುಚ್ಚುವ ಭಾಗ) ಬಾಗಿಲು ತೆರೆದಿಲ್ಲ. ಮೊದಲ ನಾಲ್ಕನ್ನು ಎಲ್ಲರೂ ನೋಡುತ್ತಾರೆ. ಐದನೆಯದರಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ: ಕೆಲವರು ಅದನ್ನು ನೋಡುವುದೇ ಇಲ್ಲ, ಇನ್ನು ಕೆಲವರು ಏನನ್ನೂ ನೋಡದೆ ನೇರವಾಗಿ ಹೊಸ ಸೊಲೆನಾಯ್ಡ್ ತಂದು ಹಾಕುತ್ತಾರೆ. ಹೊಸದೂ ಕೆಲಸ ಮಾಡುವುದಿಲ್ಲ, ಇಲ್ಲವೇ ವಾರದಲ್ಲಿ ಸುಟ್ಟುಹೋಗುತ್ತದೆ. ನನ್ನ ಅನುಭವದಲ್ಲಿ ಸೊಲೆನಾಯ್ಡ್ ತಾನಾಗಿ ಕೆಡುವುದಕ್ಕಿಂತ ಅದಕ್ಕೆ ಬರುವ ಕರೆಂಟಿನ ದಾರಿಯೋ, ಅದು ಎಳೆಯುವ ಲಿಂಕೋ, ಅಂದರೆ ಪಂಪಿನ ಲಿವರಿಗೆ ಸೇರುವ ಕಡ್ಡಿಯೋ, ಕೆಟ್ಟಿರುವುದೇ ಹೆಚ್ಚು.

ಕೀ ತಿರುಗಿಸಿದಾಗ ಆಗುವುದೇನು

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒಮ್ಮೆ ಹಿಡಿಯಿತೆಂದರೆ ಉರಿಯಲು ಅದಕ್ಕೆ ಕರೆಂಟಿನ ಹಂಗಿಲ್ಲ, ಡೀಸೆಲ್ ಸಿಗುವ ತನಕ ಓಡುತ್ತಲೇ ಇರುತ್ತದೆ. ಹಾಗಾಗಿ ದಿನನಿತ್ಯ ನಿಲ್ಲಿಸುವ ದಾರಿ ಒಂದೇ, ಡೀಸೆಲ್ ತಡೆಯುವುದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನ ಸ್ಟಾಪ್ ನಾಬ್ ಎಳೆದರೆ ಕೇಬಲ್ ಹೋಗಿ, ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪಿನ ಸ್ಟಾಪ್ ಲಿವರ್ ತಿರುಗಿಸುತ್ತಿತ್ತು. ಈಗಿನವುಗಳಲ್ಲಿ ಹಲವು ಕೀಯಲ್ಲೇ ನಿಲ್ಲುತ್ತವೆ. ಕೇಬಲ್ಲಿನ ಜಾಗದಲ್ಲಿ 12 ವೋಲ್ಟಿನ ಒಂದು ಸೊಲೆನಾಯ್ಡ್ ಕೂತಿದೆ: ತಾಮ್ರದ ತಂತಿ ಸುತ್ತಿದ ಕಾಯಿಲ್, ನಡುವೆ ಕಬ್ಬಿಣದ ಪ್ಲಂಜರ್, ಅದನ್ನು ಹಿಂದಕ್ಕೆ ತಳ್ಳುವ ಒಂದು ಸ್ಪ್ರಿಂಗ್.

ಇದರಲ್ಲಿ ಎರಡು ಸ್ವಭಾವಗಳಿವೆ. ನಿಮ್ಮದು ಯಾವುದು ಎಂದು ತಿಳಿಯದೆ ಮೀಟರ್ ಹಿಡಿಯಬೇಡಿ. ಒಂದು, ಕರೆಂಟ್ ಇದ್ದರೆ ಓಡುವ ಬಗೆ. ಕೀ ಆನ್ ಇರುವಷ್ಟು ಹೊತ್ತೂ 12 ವೋಲ್ಟ್ ಬರಬೇಕು, ತಪ್ಪಿದ ಕೂಡಲೇ ಸ್ಪ್ರಿಂಗ್ ಡೀಸೆಲ್ ಮುಚ್ಚುತ್ತದೆ. ಇನ್ನೊಂದು, ಕರೆಂಟ್ ಬಂದರೆ ನಿಲ್ಲುವ ಬಗೆ. ಓಡುವಾಗ ಅದಕ್ಕೆ ಕರೆಂಟ್ ಇರುವುದಿಲ್ಲ. ಕೀ ಆಫ್ ಮಾಡಿದಾಗ ಒಂದು ಟೈಮರ್ ರಿಲೇ ಕೆಲವು ಸೆಕೆಂಡ್ ಕರೆಂಟ್ ಕೊಟ್ಟು, ಎಂಜಿನ್ ನಿಂತ ಮೇಲೆ ಬಿಡುತ್ತದೆ. ಗುರುತಿಸುವುದು ಸುಲಭ. ಕನೆಕ್ಟರ್ ಕಳಚಿ ತಂತಿ ಕಡೆಗೆ ಟೆಸ್ಟ್ ಲ್ಯಾಂಪ್ ಹಾಕಿ ಕೀ ಆನ್ ಮಾಡಿ. ಹೊತ್ತಿ ನಿಂತರೆ ಮೊದಲನೆಯದು. ಆನ್‌ನಲ್ಲಿ ಹೊತ್ತದೆ, ಆಫ್ ಮಾಡಿದಾಗ ಕೆಲವು ಸೆಕೆಂಡ್ ಹೊತ್ತಿ ಆರಿದರೆ ಎರಡನೆಯದು. ಎರಡರಲ್ಲೂ ಹೊತ್ತದಿದ್ದರೆ ಫ್ಯೂಸ್ ನೋಡಿಕೊಂಡು ಸರ್ವಿಸ್ ಪುಸ್ತಕದ ವೈರಿಂಗ್ ಚಿತ್ರ ತೆರೆಯಿರಿ.

ಎರಡನೆಯ ಬಗೆಯ ಗಾಡಿ ಸ್ಟಾರ್ಟ್ ಆಗದಿದ್ದರೆ ಕನೆಕ್ಟರ್ ಕಳಚಿಯೇ ಸೆಲ್ಫ್ ಹೊಡೆದು ನೋಡಿ. ಆಗ ಹಿಡಿದರೆ ರಿಲೇ ಅಂಟಿಕೊಂಡು ಸದಾ ಕರೆಂಟ್ ಕೊಡುತ್ತಿದೆ. ಹಿಡಿಯದಿದ್ದರೆ ಪ್ಲಂಜರ್ ನಿಲ್ಲಿಸುವ ಜಾಗದಲ್ಲೇ ಸಿಕ್ಕಿಕೊಂಡಿದೆಯೇ ನೋಡಿ. ಆ ಬಗೆಯ ಕಥೆ ಬಹುಪಾಲು ಇಷ್ಟೇ. ಇನ್ನು ಮುಂದೆ ಹೇಳುವುದೆಲ್ಲ ಮೊದಲ ಬಗೆಯದು, ಕರೆಂಟ್ ಇದ್ದರೆ ಓಡುವುದು.

ಕೈ ಹಾಕುವ ಮೊದಲು

ಗೇರ್ ನ್ಯೂಟ್ರಲ್, ಪಿಟಿಒ (ಉಪಕರಣ ತಿರುಗಿಸುವ ಶಾಫ್ಟ್) ಬಿಡಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ನೆಲದ ಮೇಲೆ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫ್ ಮೋಟರಿನ ಟರ್ಮಿನಲ್ ಕೂಡಿಸುವ ಚಾಳಿ ನಮ್ಮಲ್ಲಿ ಬಹಳ. ಗೇರಿನಲ್ಲಿದ್ದರೆ ಗಾಡಿ ಹಿಡಿದ ಕ್ಷಣವೇ ಮುಂದೆ ನುಗ್ಗುತ್ತದೆ, ಹಿಂದಿನ ಚಕ್ರದ ಮುಂದೆಯೇ ನೀವು ನಿಂತಿರುತ್ತೀರಿ. ಹೀಗೆ ಪ್ರಾಣ ಹೋದವರಿದ್ದಾರೆ. ಆ ಕೆಲಸ ಖಂಡಿತ ಬೇಡ.

ಇನ್ನೊಂದು ಮಾತು. ಡೀಸೆಲ್ ಬರುತ್ತಿದೆಯೇ ನೋಡಲು ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡುವುದು ಸರಿಯಾದ ಪರೀಕ್ಷೆಯೇ. ಆದರೆ ಅಲ್ಲಿಗೆ ಬೆರಳು ಒಡ್ಡಬೇಡಿ. ಪಂಪ್ ಅಲ್ಲಿ 100 ಬಾರ್ ಮೀರಿದ ಒತ್ತಡ ಕೊಡಬಲ್ಲದು. ಸೂಜಿಮೊನೆಯಂಥ ಧಾರೆ ಚರ್ಮ ತೂರಿ ಒಳಗೆ ಹೋದರೆ ಹೊರಗೆ ಕಾಣುವುದು ಚುಕ್ಕೆಯಷ್ಟು ಗಾಯ, ಒಳಗೆ ಮಾಂಸ ಕೊಳೆಯಲು ಶುರುವಾಗುತ್ತದೆ. ನೋವಿಲ್ಲ ಎಂದು ಮನೆಯಲ್ಲಿ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಟ್ ಮೇಲೆ ಬಟ್ಟೆ ಹಾಕಿ, ಬಟ್ಟೆ ಒದ್ದೆಯಾಗುತ್ತದೆಯೇ ನೋಡಿದರೆ ಸಾಕು.

ಕಿವಿ, ಬಲ್ಬು, ಆಮೇಲೆ ಮೀಟರು

ಕೀ ನಿಧಾನವಾಗಿ ಆನ್ ಮಾಡಿ, ಪಂಪಿನ ಕಡೆ ಕಿವಿ ಕೊಡಿ. ಆರೋಗ್ಯವಾಗಿರುವ ಸೊಲೆನಾಯ್ಡ್ "ಟಕ್" ಅನ್ನುತ್ತದೆ. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ಬೆರಳು ಅದರ ಮೈಮೇಲೆ ಇಡಿಸಿದರೆ ಪ್ಲಂಜರ್ ಹೊಡೆದದ್ದು ತಿಳಿಯುತ್ತದೆ. ಎಳೆಯುವ ಕಾಯಿಲಿಗೆ ಸೆಲ್ಫ್ ಹೊಡೆಯುವಾಗ ಮಾತ್ರ ಕರೆಂಟ್ ಬರುವ ಮಾದರಿಗಳೂ ಇವೆ. ಅವುಗಳಲ್ಲಿ ಆ ಟಕ್ ಸೆಲ್ಫಿನ ಸದ್ದಿನೊಳಗೆ ಮುಚ್ಚಿಹೋಗುತ್ತದೆ, ಬೆರಳಿಗಷ್ಟೇ ಗೊತ್ತಾಗುವುದು. ಟಕ್ ಬಂದರೂ ಡೀಸೆಲ್ ಇಲ್ಲದಿದ್ದರೆ ಏರ್, ಫಿಲ್ಟರ್, ಲಿಂಕ್ ಕಡೆ ಹೋಗಿ. ಟಕ್ ಇಲ್ಲದಿದ್ದರೆ ಕರೆಂಟ್ ಕಡೆ.

ಈಗ ಬಲ್ಬು. ಮೀಟರಿಗಿಂತ ಮೊದಲು ಬಲ್ಬು ಯಾಕೆ ಎನ್ನುವುದಕ್ಕೆ ಒಂದು ಗಾಡಿಯ ಕಥೆ ಹೇಳಲೇಬೇಕು. 24 ಎಚ್‌ಪಿಯ ಮಿನಿ ಟ್ರ್ಯಾಕ್ಟರ್. ಯಜಮಾನರು ಆಗಲೇ ಯಾರದೋ ಮಾತು ಕೇಳಿ ಹೊಸ ಸೊಲೆನಾಯ್ಡ್ ಹಾಕಿಸಿದ್ದರು. ಟಕ್ ಇಲ್ಲ. ಕನೆಕ್ಟರಿನಲ್ಲಿ ಮೀಟರ್ ಇಟ್ಟರೆ 12.4 ವೋಲ್ಟ್ ನಿಚ್ಚಳ. "ಕರೆಂಟ್ ಬರ್ತಿದೆ, ಹೊಸ ಪಾರ್ಟೇ ಡೂಪ್ಲಿಕೇಟ್" ಎಂದು ಎಲ್ಲರೂ ತೀರ್ಮಾನಿಸಿ ಆಗಿತ್ತು. ನಾನು ಇಂಡಿಕೇಟರಿನ 21 ವ್ಯಾಟಿನ ಬಲ್ಬಿಗೆ ಎರಡು ತಂತಿ ಬೆಸೆದು ಇಟ್ಟುಕೊಂಡಿರುತ್ತೇನೆ. ಅದನ್ನು ಅದೇ ಕನೆಕ್ಟರಿಗೆ ಕೊಟ್ಟೆ. ಬಲ್ಬಿನೊಳಗಿನ ತಂತಿ ಬೀಡಿಯ ತುದಿಯ ಹಾಗೆ ಕೆಂಪಗೆ ಕಂಡಿತು, ಅಷ್ಟೇ. ಮೀಟರ್ ಪಕ್ಕದಲ್ಲೇ ಇಟ್ಟೆ. 12.4 ಇದ್ದದ್ದು ಬಲ್ಬ್ ಕೊಟ್ಟ ಕೂಡಲೇ 3ಕ್ಕಿಂತ ಕೆಳಗೆ ಬಿತ್ತು. ತಂತಿ ಹಿಡಿದು ಹಿಂದೆ ಹೋದೆ. ಡೀಸೆಲ್ ಟ್ಯಾಂಕಿನ ಕೆಳಗೆ ಪಟ್ಟಿಯ ಅಂಚಿಗೆ ತಾಗುವ ಜಾಗದಲ್ಲಿ ಮೇಲಿನ ಪ್ಲಾಸ್ಟಿಕ್ ಸರಿಯಾಗೇ ಇತ್ತು, ಆದರೆ ಬೆರಳಿನಿಂದ ಮಡಿಸಿದರೆ ಬೆಂದ ಶಾವಿಗೆಯಷ್ಟು ಮೆತ್ತಗೆ. ಸೀಳಿ ನೋಡಿದರೆ ಒಳಗಿನ ತಾಮ್ರವೆಲ್ಲ ಹಸಿರು ಕಿಲುಬಿನ ಪುಡಿ, ನಡುವೆ ಹೊಳೆಯುವ ಎಳೆ ಒಂದೇ ಒಂದು. ಆ ಜಾಗ ಕತ್ತರಿಸಿ ಒಂದು ಅಡಿ ಹೊಸ ತಂತಿ ಬೆಸೆದೆವು. ಟಕ್ ಎಂದಿತು. ತೆಗೆದಿಟ್ಟಿದ್ದ ಹಳೆಯ ಸೊಲೆನಾಯ್ಡ್ ಹಾಕಿ ನೋಡಿದರೆ ಅದೂ ಟಕ್ ಎಂದಿತು.

ಇದರ ಲೆಕ್ಕ ಸರಳ. ಮೀಟರ್ ತಾನು ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ಒಂದೇ ಎಳೆಯಲ್ಲೂ ಅದಕ್ಕೆ ಪೂರ್ತಿ ವೋಲ್ಟೇಜ್ ಕಾಣುತ್ತದೆ. ದಾರಿಯಲ್ಲಿ 5 ಓಮ್ ಅಡ್ಡಿ ಇದೆ ಎಂದಿಟ್ಟುಕೊಳ್ಳಿ, ಸೊಲೆನಾಯ್ಡ್ 8 ಓಮಿನದು. 12 ವೋಲ್ಟಿನಲ್ಲಿ ಸೊಲೆನಾಯ್ಡಿಗೆ ಸಿಗುವುದು 7.4 ವೋಲ್ಟ್, ಉಳಿದದ್ದು ದಾರಿಯಲ್ಲೇ ಹೋಯಿತು. ಅಷ್ಟಕ್ಕೆ ಅದು ಏಳಬಹುದು, ಏಳದೆಯೂ ಇರಬಹುದು. ಹಾಗಾಗಿ ಭಾರ ಹಾಕದೆ ತೆಗೆದ ವೋಲ್ಟೇಜನ್ನು ನಂಬಬೇಡಿ. 21 ವ್ಯಾಟಿನ ಬಲ್ಬು ಒಂದೂಮುಕ್ಕಾಲು ಆಂಪ್ಸ್ ಎಳೆಯುತ್ತದೆ, ಒಂದೇ ಕಾಯಿಲಿನ ಸೊಲೆನಾಯ್ಡ್ ಎಳೆಯುವುದೂ ಹೆಚ್ಚುಕಡಿಮೆ ಅಷ್ಟನ್ನೇ. ಇದಕ್ಕಿಂತ ಅಗ್ಗದ, ನಿಜ ಹೇಳುವ ಉಪಕರಣ ನನಗೆ ಗೊತ್ತಿಲ್ಲ. ಎಲ್‌ಇಡಿ ಟೆಸ್ಟರ್ ಈ ಕೆಲಸಕ್ಕೆ ಆಗದು, ಅದೂ ಮೀಟರಿನಂತೆಯೇ ಮೋಸಹೋಗುತ್ತದೆ.

ಬಲ್ಬ್ ಪ್ರಕಾಶವಾಗಿ ಹೊತ್ತಿದರೆ ಅರ್ಥ್ ನೋಡಿ. ಹಲವು ಸೊಲೆನಾಯ್ಡ್‌ಗಳಿಗೆ ಒಂದೇ ತಂತಿ, ಅರ್ಥ್ ಮೈಯಿಂದಲೇ. ಪಂಪಿನ ಮೇಲೆ ಬಣ್ಣ ಬಳಿದಿದ್ದರೆ, ಎಂಜಿನ್ನಿನಿಂದ ಬ್ಯಾಟರಿಗೆ ಹೋಗುವ ಅರ್ಥ್ ಪಟ್ಟಿ ಸಡಿಲವಾಗಿದ್ದರೆ ಕರೆಂಟ್ ವಾಪಸ್ ಹೋಗುವ ದಾರಿಯೇ ಇಲ್ಲ. ತಂತಿ ಜೋಡಿಸಿ, ಕೀ ಆನ್ ಮಾಡಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಸೊಲೆನಾಯ್ಡಿನ ಮೈಗೆ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ. ಇದೇ ರೀತಿ ಪಾಸಿಟಿವ್ ಕಂಬದಿಂದ ಸೊಲೆನಾಯ್ಡಿನ ಟರ್ಮಿನಲ್ಲಿಗೆ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ದಾರಿಯಲ್ಲೆಲ್ಲೋ ಅಡ್ಡಿ ಇದೆ. ಕೀ ಸ್ವಿಚ್, ಫ್ಯೂಸ್ ಡಬ್ಬಿ, ರಿಲೇ ಬುಡ, ಕನೆಕ್ಟರ್ ಒಂದೊಂದರ ಎರಡೂ ಬದಿಗೆ ಕಡ್ಡಿ ಇಡುತ್ತ ಬಂದರೆ ಕಳ್ಳ ಸಿಕ್ಕಿಬೀಳುತ್ತಾನೆ. ಇಲಿ ಕಡಿದ ಜಾಗಗಳನ್ನಂತೂ ಕಣ್ಣಲ್ಲೇ ಹುಡುಕಿ. ಮೂರು ತಿಂಗಳು ಕೊಟ್ಟಿಗೆಯಲ್ಲಿ ನಿಂತ ಗಾಡಿಯಲ್ಲಿ ಅದೇ ಮೊದಲ ಅನುಮಾನ.

ಈಗ ಸೆಲ್ಫ್ ಹೊಡೆಯುತ್ತಾ ಇದೇ ಬಲ್ಬ್ ನೋಡಿ. ಬಹಳ ಜನ ಬಿಡುವ ಹೆಜ್ಜೆ ಇದು. ಸವೆದ ಕೀ ಸ್ವಿಚ್‌ಗಳಲ್ಲಿ ಆನ್‌ನಲ್ಲಿ ಕರೆಂಟ್ ಇರುತ್ತದೆ, ಸ್ಟಾರ್ಟ್‌ಗೆ ತಿರುಗಿಸಿದ ಕೂಡಲೇ ತಪ್ಪುತ್ತದೆ. ಲಕ್ಷಣ ವಿಚಿತ್ರ: ಸೆಲ್ಫ್ ಹೊಡೆಯುವಷ್ಟು ಹೊತ್ತು ಏನೂ ಇಲ್ಲ, ಕೀ ಬಿಡುವ ಗಳಿಗೆಯಲ್ಲಿ ಎಂಜಿನ್ ಒಮ್ಮೆ "ಡುಬ್" ಅಂದು ಹಿಡಿದಂತೆ ಮಾಡುತ್ತದೆ. ಸೊಲೆನಾಯ್ಡಿಗೆ ಆಗಷ್ಟೇ ಕರೆಂಟ್ ಸಿಕ್ಕಿದ್ದು, ಎಂಜಿನ್ ಇನ್ನೂ ಸ್ವಲ್ಪ ತಿರುಗುತ್ತಿದ್ದದ್ದು. ಈ "ಡುಬ್" ಕೇಳಿದರೆ ಸ್ವಿಚ್ ಬದಲಿಸಲು ಕಣ್ಣು ಮುಚ್ಚಿ ಹೇಳುತ್ತೇನೆ. ಬಲ್ಬ್ ಆರದೆ ಮಂಕಾದರೆ ಬ್ಯಾಟರಿ ನೋಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕಂಬಗಳಲ್ಲಿ 9.6 ವೋಲ್ಟಿಗಿಂತ ಕೆಳಗೆ ಇಳಿದರೆ, ಸೆಲ್ಫ್ ಹೇಗೋ ತಿರುಗಿದರೂ ಸೊಲೆನಾಯ್ಡ್ ಏಳದೆ ಹೋಗಬಹುದು.

ಎರಡು ಕಾಯಿಲಿನದು, ಸುಡುವುದು ಇದೇ

ಪಂಪಿನ ಹೊರಗೆ ಬ್ರಾಕೆಟ್ಟಿನಲ್ಲಿ ಕೂತು, ಕಡ್ಡಿಯ ಮೂಲಕ ಸ್ಟಾಪ್ ಲಿವರ್ ಎಳೆಯುವ ದಪ್ಪ ಸೊಲೆನಾಯ್ಡ್ ನೋಡಿರುತ್ತೀರಿ. ಅದರೊಳಗೆ ಎರಡು ಕಾಯಿಲ್. ಒಂದು ದಪ್ಪ ತಂತಿಯದು, ಪ್ಲಂಜರನ್ನು ಒಮ್ಮೆಗೇ ಎಳೆಯಲು. ಅದು 30ರಿಂದ 50 ಆಂಪ್ಸ್ ತನಕ ತಿನ್ನಬಲ್ಲದು. ಇನ್ನೊಂದು ತೆಳು ತಂತಿಯದು, ಎಳೆದದ್ದನ್ನು ಹಿಡಿದಿಟ್ಟುಕೊಳ್ಳಲು. ಅದಕ್ಕೆ ಒಂದು ಆಂಪ್ಸ್‌ನ ಆಸುಪಾಸು ಸಾಕು. ಎಳೆಯುವ ಕಾಯಿಲಿಗೆ ಕರೆಂಟ್ ಇರಬೇಕಾದ್ದು ಒಂದು ಸೆಕೆಂಡಿನ ಮಾತು. ಅದನ್ನು ಬಿಡಿಸುವ ಕೆಲಸ ಕೆಲವದರಲ್ಲಿ ಒಳಗಿನ ಸ್ವಿಚ್ಚಿನದು: ಪ್ಲಂಜರ್ ತಳ ಮುಟ್ಟಿದಾಗ ಅದು ತೆರೆದುಕೊಳ್ಳುತ್ತದೆ. ಮೂರು ತಂತಿಯವುಗಳಲ್ಲಿ ಹೊರಗಿನ ಟೈಮರೋ, ಸೆಲ್ಫಿನಿಂದ ಬರುವ ತಂತಿಯ ರಿಲೇಯೋ ಆ ಕೆಲಸ ಮಾಡುತ್ತದೆ. ಮೂರು ತಂತಿಯಲ್ಲಿ ಸಾಮಾನ್ಯವಾಗಿ ಬಿಳಿ ಎಳೆಯುವುದಕ್ಕೆ, ಕೆಂಪು ಹಿಡಿಯುವುದಕ್ಕೆ, ಕಪ್ಪು ಅರ್ಥ್. ಆದರೂ ಬಣ್ಣ ನೋಡಿ ಕೂಡಿಸಬೇಡಿ, ಮೀಟರ್ ಹಾಕಿ ಖಚಿತ ಮಾಡಿಕೊಳ್ಳಿ. ಎಳೆಯುವ ಕಾಯಿಲ್ ಅರ್ಧ ಓಮಿಗಿಂತ ಕಡಿಮೆ, ಹಿಡಿಯುವುದು ಹತ್ತು ಓಮ್ ಮೇಲೆ ತೋರಿಸುವುದು ವಾಡಿಕೆ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದರೇ 0.2, 0.3 ಓಮ್ ಬರುತ್ತದೆ, ಅದನ್ನು ಕಳೆದು ಲೆಕ್ಕ ಹಾಕಿ.

ಇದರ ದೋಷ ಹುಡುಕಲು ಕೈಯೇ ಸಾಕು. ಕೀ ಆನ್ ಇಟ್ಟು, ಸೆಲ್ಫ್ ಹೊಡೆಯದೆ, ಪ್ಲಂಜರನ್ನು ಕೈಯಿಂದ ಪೂರ್ತಿ ಒಳಗೆ ತಳ್ಳಿ ಬಿಡಿ. ಅಲ್ಲೇ ನಿಂತರೆ ಹಿಡಿಯುವ ಕಾಯಿಲ್ ಮತ್ತು ಅದರ ತಂತಿ ಸರಿ ಇವೆ, ದೋಷ ಎಳೆಯುವ ಕಡೆ: ಟೈಮರ್, ರಿಲೇ, ದಪ್ಪ ತಂತಿ ಅಥವಾ ಸುಟ್ಟ ಕಾಯಿಲ್. ಕೈ ಬಿಟ್ಟ ಕೂಡಲೇ ವಾಪಸ್ ಬಂದರೆ ಹಿಡಿಯುವ ಕಡೆಯ ದೋಷ. ಅಂಥ ಗಾಡಿಯ ದೂರು ಹೀಗಿರುತ್ತದೆ: "ಸೆಲ್ಫ್ ಹೊಡೆಯುವಾಗ ಸ್ಟಾರ್ಟ್ ಆಗ್ತದೆ, ಕೀ ಬಿಟ್ಟ ಕೂಡ್ಲೇ ನಿಂತುಬಿಡ್ತದೆ."

ಈಗ ಬಹಳ ಮುಖ್ಯವಾದ ಸಂಗತಿಗೆ ಬರೋಣ. ಎಳೆಯುವ ಕಾಯಿಲ್ ಸುಟ್ಟಿದ್ದರೆ ಹೊಸ ಸೊಲೆನಾಯ್ಡ್ ಬಿಗಿಯುವ ಮೊದಲು ಅದನ್ನು ಸುಟ್ಟದ್ದು ಯಾವುದು ಎಂದು ಹುಡುಕಲೇಬೇಕು. ನಾನು ಬಿಚ್ಚಿದ ಸುಟ್ಟ ಸೊಲೆನಾಯ್ಡುಗಳಲ್ಲಿ ಹೆಚ್ಚಿನವು ಲಿಂಕಿನ ಅಳತೆ ತಪ್ಪಿ ಸುಟ್ಟವು. ಕಡ್ಡಿ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಪಂಪಿನ ಲಿವರ್ ಮೊದಲು ತನ್ನ ಕೊನೆ ಮುಟ್ಟುತ್ತದೆ, ಪ್ಲಂಜರ್ ತಳ ಮುಟ್ಟುವುದಿಲ್ಲ. ಒಳಗಿನ ಸ್ವಿಚ್ ತೆರೆಯುವುದಿಲ್ಲ. ಎಂಜಿನ್ ಚೆನ್ನಾಗೇ ಓಡುತ್ತಿರುತ್ತದೆ, ಯಾರಿಗೂ ಅನುಮಾನ ಬಾರದು, ಇತ್ತ ನಲವತ್ತು ಆಂಪ್ಸ್ ಕಾಯಿಲಿನಲ್ಲಿ ಹರಿಯುತ್ತಲೇ ಇದೆ. ಒಂದೆರಡು ನಿಮಿಷದಲ್ಲಿ ಸುಟ್ಟ ವಾರ್ನಿಷ್ ವಾಸನೆ ಬರುತ್ತದೆ. ಟೈಮರ್ ಇರುವ ಮಾದರಿಯಲ್ಲಿ ತಳ ಮುಟ್ಟದ ಪ್ಲಂಜರನ್ನು ಹಿಡಿಯುವ ಕಾಯಿಲ್ ಹಿಡಿದಿಡಲಾರದು. ಎಂಜಿನ್ ನಿಂತುಬಿಡುತ್ತದೆ, ಕಾಯಿಲ್ ಉಳಿಯುತ್ತದೆ. ಎರಡಕ್ಕೂ ಮದ್ದು ಒಂದೇ: ಕರೆಂಟ್ ಇಲ್ಲದೆ ಕೈಯಿಂದ ಪ್ಲಂಜರ್ ಒತ್ತಿ ಹಿಡಿದು, ಅದು ತಳ ಮುಟ್ಟಿದಾಗ ಸ್ಟಾಪ್ ಲಿವರ್ ಪೂರ್ತಿ ಓಡುವ ಜಾಗದಲ್ಲಿದ್ದು ಕೂದಲೆಳೆಯಷ್ಟು ಸಡಿಲ ಉಳಿಯುವಂತೆ ಕಡ್ಡಿ ಹೊಂದಿಸಿ, ಲಾಕ್ ನಟ್ ಬಿಗಿಯುವುದು. ಪ್ಲಂಜರಿನ ರಬ್ಬರ್ ಟೋಪಿ ಹರಿದು ಒಳಗೆ ಧೂಳು ಕೂತರೂ, ಲಿವರಿನ ಬುಡದಲ್ಲಿ ತುಕ್ಕು ಹಿಡಿದರೂ ಇದೇ ಗತಿ. ಲಿವರ್ ಒಂದೇ ಬೆರಳಿಗೆ ಹಗುರವಾಗಿ ತಿರುಗಬೇಕು.

ಸುಡುವ ಇನ್ನೊಂದು ಕಾರಣ ನಮ್ಮ ಕೈಯಲ್ಲೇ ಇದೆ. ಸೆಲ್ಫಿನ ತಂತಿಯಿಂದ ಎಳೆಯುವ ಕಾಯಿಲಿಗೆ ಕರೆಂಟ್ ಹೋಗುವ ಗಾಡಿಯಲ್ಲಿ ಅರ್ಧ ನಿಮಿಷ ಬಿಡದೆ ಸೆಲ್ಫ್ ಹೊಡೆದರೆ ಅಷ್ಟು ಹೊತ್ತೂ ಆ ಕಾಯಿಲ್ ಬೇಯುತ್ತದೆ. ಹತ್ತು ಸೆಕೆಂಡ್ ಹೊಡೆಯಿರಿ, ಒಂದು ನಿಮಿಷ ಬಿಡಿ. ಫಿಲ್ಟರ್ ಬದಲಿಸಿ ಏರ್ ತೆಗೆಯುವಾಗಲಂತೂ ಇದನ್ನು ಮರೆಯುವವರೇ ಹೆಚ್ಚು.

ಪಂಪಿನೊಳಗೇ ಕೂತವು

ರೋಟರಿ ಪಂಪಿನಲ್ಲಿ ಸೊಲೆನಾಯ್ಡ್ ಹೆಬ್ಬೆರಳಿನ ಗಾತ್ರದ್ದು, ಪಂಪಿನ ಮೈಗೆ ತಿರುಪಿ ಕೂರಿಸಿರುತ್ತದೆ, ತಲೆಯ ಮೇಲೆ ಒಂದೇ ತಂತಿ. ಪ್ಲಂಜರಿನ ತುದಿಯೇ ಡೀಸೆಲ್ ರಂಧ್ರ ಮುಚ್ಚುತ್ತದೆ. ಬಿಚ್ಚುವ ಮೊದಲು ಸುತ್ತಲಿನ ಮಣ್ಣು, ಜಿಡ್ಡನ್ನು ಡೀಸೆಲ್ ಹಾಕಿ ಬ್ರಷ್‌ನಿಂದ ತೊಳೆಯಿರಿ. ಮರಳಿನ ಒಂದು ಕಾಳು ಒಳಗೆ ಬಿದ್ದರೆ ಸೊಲೆನಾಯ್ಡಿನ ರಿಪೇರಿ ಪಂಪ್ ರಿಪೇರಿಯಾಗುತ್ತದೆ. ಹೊರಗೆ ತೆಗೆದು, ಮೈಯನ್ನು ಅರ್ಥ್‌ಗೆ ಹಿಡಿದು, ಸೋರಿದ ಡೀಸೆಲ್ ಒರೆಸಿ, ಕಿಡಿ ಹಾರುವ ಜಾಗದಿಂದ ದೂರ ನಿಂತು 12 ವೋಲ್ಟ್ ಕೊಟ್ಟರೆ ಪ್ಲಂಜರ್ ಸರಕ್ಕನೆ ಒಳಸರಿಯಬೇಕು. ಸ್ಪ್ರಿಂಗ್ ಉರುಳಿ ಹೋಗದಂತೆ ಕೆಳಗೆ ಬಟ್ಟೆ ಹಾಸಿಕೊಳ್ಳಿ. ಓ-ರಿಂಗ್ ಹೊಸದು ಹಾಕಿ, ಇಲ್ಲದಿದ್ದರೆ ಅಲ್ಲಿಂದಲೇ ಏರ್ ಎಳೆಯಲು ಶುರುವಾಗುತ್ತದೆ.

ಸಾಲು ಪಂಪ್‌ಗಳಲ್ಲಿ, ನಮ್ಮ ಕಡೆ ಇಂದಿಗೂ "ಮೈಕೋ ಪಂಪ್" ಅನ್ನುತ್ತಾರಲ್ಲ, 1951ರಲ್ಲಿ ಶುರುವಾದ ಬೆಂಗಳೂರಿನ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿದರೂ ಊರಿನ ಬಾಯಲ್ಲಿ ಮೈಕೋ ಹೋಗಲಿಲ್ಲ, ಅಂಥ ಪಂಪ್‌ಗಳಲ್ಲಿ ಸೊಲೆನಾಯ್ಡ್ ರ‍್ಯಾಕ್ (ಡೀಸೆಲ್ ಪ್ರಮಾಣ ಹೊಂದಿಸುವ ಪಟ್ಟಿ) ಅಥವಾ ಸ್ಟಾಪ್ ಲಿವರನ್ನು ತಳ್ಳಿ ನಿಲ್ಲಿಸುತ್ತದೆ. ಸಣ್ಣ ಜಪಾನೀ ಎಂಜಿನ್‌ಗಳಲ್ಲಿ ಹಲವಕ್ಕೆ ಅದು ಪಕ್ಕದಲ್ಲಿ ಎರಡು ಬೋಲ್ಟಿನಲ್ಲಿ ಕೂತಿರುತ್ತದೆ. ಅದನ್ನು ಪೂರ್ತಿ ಬಿಚ್ಚಿದಾಗ ಎಂಜಿನ್ ಸ್ಟಾರ್ಟ್ ಆದರೆ ತಡೆ ಹಾಕುತ್ತಿದ್ದದ್ದು ಅದೇ ಎಂದು ಸಾಬೀತಾಯಿತು. ಆದರೆ ಈ ಪರೀಕ್ಷೆಯನ್ನು ಕೈಯಿಂದ ತಿರುಗಿಸುವ ಸ್ಟಾಪ್ ಲಿವರ್ ಇರುವ ಎಂಜಿನ್ನಿನಲ್ಲಿ ಮಾತ್ರ ಮಾಡಿ, ಅದರ ಹತ್ತಿರ ಒಬ್ಬರನ್ನು ನಿಲ್ಲಿಸಿಕೊಂಡೇ ಮಾಡಿ. ಕೀ ಇನ್ನು ಎಂಜಿನ್ ನಿಲ್ಲಿಸುವುದಿಲ್ಲ ಎನ್ನುವುದು ನೆನಪಿರಲಿ. ಏರ್ ಕ್ಲೀನರಿನ ಬಾಯಿ ಮುಚ್ಚಲು ಅಗಲವಾದ ಹಲಗೆ ಕೈಗೆಟಕುವಂತೆ ಇರಲಿ. ಹಲಗೆಯಿಂದಲೇ ಮುಚ್ಚಬೇಕು, ಅಂಗೈಯಿಂದ ಬೇಡ.

ಬಿಸಿಯಾದ ಮೇಲೆ ನಿಲ್ಲುವ ಗಾಡಿ

ಒಂದು ಗಂಟೆ ರೋಟವೇಟರ್ ಹೊಡೆದ ಮೇಲೆ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಹಿಡಿಯುತ್ತದೆ. ಇಂಥದ್ದನ್ನು ಹುಡುಕಲು ತಾಳ್ಮೆ ಬೇಕು. ಹೇಗೆ ನಿಂತಿತು ಎಂದು ಓಡಿಸಿದವರನ್ನು ಕೂರಿಸಿ ಕೇಳಿ. ಕೀ ತೆಗೆದಂತೆ ಒಮ್ಮೆಗೇ ನಿಂತರೆ ಕರೆಂಟಿನ ದೋಷ. ಎಳೆತ ಕಡಿಮೆಯಾಗಿ, ಏರಿಳಿದು, ತೇಕಿ ನಿಂತರೆ ಡೀಸೆಲ್ ದಾರಿಯ ದೋಷ. ಆಗ ಟ್ಯಾಂಕಿನ ಮುಚ್ಚಳ ಬಿಚ್ಚಿ ನೋಡಿ, "ಸುಸ್" ಎಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿರಂಧ್ರ ಮುಚ್ಚಿದೆ.

ತಾಮ್ರ ಬಿಸಿಯಾದಂತೆ ಅದರ ಓಮ್ ಏರುತ್ತದೆ, ಒಂದು ಡಿಗ್ರಿಗೆ ಸುಮಾರು ನೂರಕ್ಕೆ 0.4ರಷ್ಟು. 25 ಡಿಗ್ರಿಯಲ್ಲಿ 10 ಓಮ್ ಇದ್ದ ಕಾಯಿಲ್ 85 ಡಿಗ್ರಿಯಲ್ಲಿ 12.4ರ ಹತ್ತಿರ. ಒಳ್ಳೆಯ ದಾರಿ ಇದ್ದರೆ ಇದರಿಂದ ತೊಂದರೆಯಿಲ್ಲ, ಅದನ್ನು ಎಣಿಸಿಯೇ ಮಾಡಿರುತ್ತಾರೆ. ಆದರೆ ಕಿಲುಬು ಹಿಡಿದ ಕನೆಕ್ಟರಿನಲ್ಲಿ ಆಗಲೇ ಎರಡು ವೋಲ್ಟ್ ಹೋಗುತ್ತಿದ್ದರೆ, ಬಿಸಿಯೂ ಸೇರಿ ಪ್ಲಂಜರಿನ ಹಿಡಿತ ಸಡಿಲವಾಗುತ್ತದೆ. ಒಂದು ಗುಂಡಿಗೆ ಚಕ್ರ ಬಿದ್ದ ಏಟಿಗೆ ಬಿಟ್ಟುಕೊಡುತ್ತದೆ. ಕಾಯಿಲಿನೊಳಗೆ ತಂತಿ ತುಂಡಾಗಿ, ತಣ್ಣಗಿದ್ದಾಗ ಮುಟ್ಟಿಕೊಂಡು ಬಿಸಿಯಾದಾಗ ಬಿಡುವುದೂ ಉಂಟು. ಗಾಡಿ ನಿಂತ ಕೂಡಲೇ, ಬಿಸಿ ಆರುವ ಮೊದಲೇ ಓಮ್ ಅಳೆಯಿರಿ. ತಂತಿ ತುಂಡಾಗಿದೆ ಎಂದು ಮೀಟರ್ ತೋರಿಸಿದರೆ (ಸೊನ್ನೆ ಅಲ್ಲ, OL) ಆ ಸೊಲೆನಾಯ್ಡ್ ಮುಗಿಯಿತು. ತಣ್ಣಗಾದ ಮೇಲೆ ಅಳೆದರೆ ಅದು ಸಾಚಾ ಆಗಿಯೇ ಕಾಣುತ್ತದೆ.

ಕೀ ಆನ್ ಮಾಡಿದ ಕೂಡಲೇ ಫ್ಯೂಸ್ ಹೋಗುವ ಗಾಡಿಗಳಲ್ಲಿ ಮೊದಲು ಕನೆಕ್ಟರ್ ಕಳಚಿ ನೋಡಿ. ಆಗಲೂ ಹೋದರೆ ತಂತಿ ಎಲ್ಲೋ ಮೈಗೆ ತಾಗಿದೆ. ಹೋಗದಿದ್ದರೆ ಕಾಯಿಲ್ ಒಳಗೆ ಶಾರ್ಟ್, ಅಥವಾ ಅದರ ಜೊತೆಗಿರುವ ಡಯೋಡ್. ಕರೆಂಟ್ ತಪ್ಪಿದಾಗ ಕಾಯಿಲ್ ಒದೆಯುವ ಹಿಮ್ಮುಖ ವೋಲ್ಟೇಜ್ ನುಂಗಲೆಂದು ಆ ಡಯೋಡ್ ಹಾಕಿರುತ್ತಾರೆ. ಯಾರಾದರೂ ಬ್ಯಾಟರಿ ತಂತಿ ಅದಲುಬದಲು ಕೊಟ್ಟಿದ್ದರೆ ಮೊದಲು ಸಾಯುವುದು ಅದು. ಬೇರೆ ಗಾಡಿಯಿಂದ ಕರೆಂಟ್ ಕೊಡಿಸಿ ಸ್ಟಾರ್ಟ್ ಮಾಡಿದ ಮೇಲೆ ಈ ತೊಂದರೆ ಶುರುವಾಯಿತೇ ಎಂದು ಕೇಳಿ. ದೊಡ್ಡ ಫ್ಯೂಸ್ ಹಾಕಿ ಓಡಿಸಬೇಡಿ, ಮುಂದೆ ಸುಡುವುದು ವೈರಿಂಗ್.

ಮೋವರಿನ ಹೆಚ್ಚುವರಿ ಕಾವಲುಗಾರರು

ಕ್ರಿಕೆಟ್ ಮೈದಾನ, ಗಾಲ್ಫ್ ಕೋರ್ಸ್‌ಗಳಲ್ಲಿ ಓಡುವ ಕೂತು ಹೊಡೆಯುವ ಡೀಸೆಲ್ ಮೋವರುಗಳಲ್ಲಿ ಸೊಲೆನಾಯ್ಡಿಗೆ ಹೋಗುವ ಕರೆಂಟ್ ನೇರ ಬರುವುದಿಲ್ಲ. ಸೀಟ್ ಸ್ವಿಚ್, ಬ್ಲೇಡಿನ ಪಿಟಿಒ ಸ್ವಿಚ್, ಬ್ರೇಕ್ ಅಥವಾ ನ್ಯೂಟ್ರಲ್ ಸ್ವಿಚ್ ಒಪ್ಪಿದರೆ ಮಾತ್ರ ಬರುತ್ತದೆ. ಇಲ್ಲಿ "ಸೊಲೆನಾಯ್ಡ್ ಹೋಗಿದೆ" ಎಂದು ಬಂದ ದೂರುಗಳ ಬೇರು ಬಹಳ ಸಲ ಸೀಟಿನ ಕೆಳಗಿರುತ್ತದೆ. ಪ್ರೆಷರ್ ವಾಷರಿನಲ್ಲಿ ತೊಳೆದ ಮರುದಿನ ಹಟ ಹಿಡಿದರೆ ಅಲ್ಲೇ ನೀರು ನಿಂತಿದೆ. ಏರುತಗ್ಗಿನಲ್ಲಿ ಮಾತ್ರ ಎಂಜಿನ್ ತಡವರಿಸಿದರೆ, ಹಗುರ ಮೈಯವರು ಕೂತಾಗ ಮಾತ್ರ ನಿಂತರೆ ಸೀಟಿನ ಸ್ಪ್ರಿಂಗೋ ಸ್ವಿಚ್ಚಿನ ಎತ್ತರವೋ ತಪ್ಪಿದೆ. ಒಂದೊಂದು ಸ್ವಿಚ್ಚಿನ ಒಳಬದಿ, ಹೊರಬದಿಗೆ ಬಲ್ಬ್ ಹಿಡಿದು ಎಲ್ಲಿ ಆರುತ್ತದೆ ನೋಡಿ.

ಪರೀಕ್ಷೆಗೆಂದು ಸ್ವಿಚ್ಚಿನ ಎರಡು ತಂತಿ ಕೂಡಿಸಿದರೆ ಬ್ಲೇಡ್ ಬಿಡಿಸಿಯೇ ಕೂಡಿಸಿ, ನೋಡಿದ ಕೂಡಲೇ ತೆಗೆಯಿರಿ. ಆ ತುಂಡು ತಂತಿಯನ್ನು ಹಾಗೇ ಬಿಟ್ಟು ಟೇಪ್ ಸುತ್ತಿದ ಮೋವರುಗಳನ್ನು ನಾನು ಒಂದೆರಡಲ್ಲ, ಎಷ್ಟೋ ನೋಡಿದ್ದೇನೆ. ಡೆಕ್ಕಿನಲ್ಲಿ, ಅಂದರೆ ಬ್ಲೇಡ್ ಮುಚ್ಚಿದ ಗೂಡಿನಲ್ಲಿ, ಹುಲ್ಲು ಸಿಕ್ಕಿತೆಂದು ಓಡಿಸುವವರು ಇಳಿಯುತ್ತಾರೆ, ಬ್ಲೇಡ್ ತಿರುಗುತ್ತಲೇ ಇರುತ್ತದೆ. ಅಂಥ ಮೋವರ್ ನನ್ನ ಕೈಗೆ ಬಂದರೆ ಮೊದಲು ಆ ತಂತಿ ಕಿತ್ತೇ ಉಳಿದ ಕೆಲಸ.

ಕೀ ತೆಗೆದರೂ ನಿಲ್ಲದಿದ್ದರೆ

ಎಂಜಿನ್ ಓಡುತ್ತಿರುವಾಗಲೇ ಕೀ ಆಫ್ ಮಾಡಿ ಸೊಲೆನಾಯ್ಡಿನ ತಂತಿಗೆ ಬಲ್ಬ್ ಹಿಡಿಯಿರಿ. ಇನ್ನೂ ಹೊತ್ತುತ್ತಿದ್ದರೆ ಕೀ ತಪ್ಪಿಸಿ ಬೇರೆ ದಾರಿಯಲ್ಲಿ ಕರೆಂಟ್ ನುಗ್ಗುತ್ತಿದೆ. ಆಲ್ಟರ್ನೇಟರ್ ಬದಲಿಸಿದ ಮೇಲೆ, ವೈರಿಂಗಿಗೆ ಹೊಸದೇನಾದರೂ ಸೇರಿಸಿದ ಮೇಲೆ ಇದು ಶುರುವಾಗಿರುತ್ತದೆ. ಆಲ್ಟರ್ನೇಟರಿನ ಸಣ್ಣ ಟರ್ಮಿನಲ್ಲಿನಿಂದ ಕರೆಂಟ್ ಹಿಂದಕ್ಕೆ ಹರಿದು ಕೀಯ ನಂತರದ ತಂತಿಗೆ ಬರುತ್ತದೆ. ಆ ತಂತಿಯಲ್ಲಿ ಒಂದು ಡಯೋಡ್ ಕೂರಿಸಿದರೆ ಅದು ನಿಲ್ಲುತ್ತದೆ. ಬಲ್ಬ್ ಆರಿದ್ದರೂ ಎಂಜಿನ್ ಓಡುತ್ತಿದ್ದರೆ ಪ್ಲಂಜರ್ ಅಂಟಿದೆ, ಸ್ಪ್ರಿಂಗ್ ತುಂಡಾಗಿದೆ ಅಥವಾ ರೋಟರಿ ಪಂಪಿನ ರಂಧ್ರದ ಬಾಯಿಗೆ ಕಸ ಕೂತಿದೆ. ಕೀ ತೆಗೆದ ಮೇಲೆ ಡುಗುಡುಗು ಎನ್ನುತ್ತಾ ಅರ್ಧ ನಿಮಿಷದಲ್ಲಿ ನಿಲ್ಲುವುದೂ ಈ ಕಸದ ಗುರುತೇ.

ಹೊಸದು ಹಾಕಿದ ದಿನ

ಹಳೆಯದನ್ನು ತೆಗೆಯುವ ಮೊದಲು ಕಡ್ಡಿಯ ಉದ್ದ ಅಳೆದು ಬರೆದಿಡಿ. ಹೊಸದರ ಮೇಲೆ 12 ವೋಲ್ಟ್ ಎಂದಿದೆಯೇ, ಎಷ್ಟು ತಂತಿ, ಎಳೆಯುವ ಬಗೆಯೋ ತಳ್ಳುವ ಬಗೆಯೋ ಹೊಂದಿಸಿ ನೋಡಿ. ಅಂಗಡಿಯಲ್ಲಿ "ಇದೇ ಕೂರುತ್ತೆ" ಅಂದದ್ದು ಬೋಲ್ಟಿಗೆ ಕೂರುತ್ತದೆ, ಕೆಲಸಕ್ಕೆ ಕೂರುವುದಿಲ್ಲ. ಕನೆಕ್ಟರಿನ ಕಿಲುಬು ಕೆರೆದು, ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಹಚ್ಚಿ ಜೋಡಿಸಿ. ಹತ್ತು ಸಲ ಸ್ಟಾರ್ಟ್ ಮಾಡಿ, ಹತ್ತು ಸಲ ಕೀಯಲ್ಲೇ ನಿಲ್ಲಿಸಿ. ಎರಡು ಕಾಯಿಲಿನದಾದರೆ ಹತ್ತು ನಿಮಿಷ ಓಡಿಸಿ ಅದರ ಮೈಗೆ ಕೈ ಇಡಿ. ಹದ ಬಿಸಿ ಇರಬಹುದು, ಕೈ ಇಡಲಾರದಷ್ಟು ಇರಬಾರದು, ಇದ್ದರೆ ಪ್ಲಂಜರ್ ತಳ ಮುಟ್ಟುತ್ತಿಲ್ಲ. ಎಲ್ಲ ಸರಿಯಾದ ಮೇಲೆ ಲಾಕ್ ನಟ್ ಮತ್ತು ಕಡ್ಡಿಯ ಮೇಲೆ ಅಡ್ಡಲಾಗಿ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ಮುಂದೆ ಆಯಿಲ್ ಬದಲಿಸುವಾಗ ಆ ಗೆರೆ ಎರಡು ತುಂಡಾಗಿ ಕಂಡರೆ ನಟ್ ಸಡಿಲವಾಗಿದೆ, ಕಾಯಿಲ್ ಸುಡುವ ಮೊದಲೇ ಬಿಗಿಯಬಹುದು.